ಸುಖ, ದುಃಖ, ತ್ಯಾಗ: ಜತ್ತ ಸೀಮೆಯ ವಿಚಾರಪರಂಪರೆ

ಸುಖ, ದುಃಖ ಮತ್ತು ತ್ಯಾಗಗಳ ವಿಚಾರ ನೀತಿಶಾಸ್ತ್ರದ ಅತಿ ಹಳೆಯ ಭಾಗ. ಮನುಷ್ಯ ಸುಖವನ್ನೇ ಬಯಸಬೇಕೆ, ದುಃಖಕ್ಕೆ ಏನಾದರೂ ಅರ್ಥವಿದೆಯೆ, ಕೈಗೆ ಬಂದ ಸುಖವನ್ನು ತಾನಾಗಿ ಬಿಡುವುದರಲ್ಲಿ ಹೆಚ್ಚುಗಾರಿಕೆ ಏನು ಎಂಬುವು ಇದರ ಮೂಲ ಪ್ರಶ್ನೆಗಳು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿಯೂ ಅದಕ್ಕೆ ಹೊಂದಿಕೊಂಡ ವಿಜಯಪುರ, ಸೊಲ್ಲಾಪುರ ಸೀಮೆಗಳಲ್ಲಿಯೂ ಈ ಪ್ರಶ್ನೆಗಳಿಗೆ ಕನ್ನಡ ಮಾತಾಡುವ ಜನರ ನಡುವೆ ಎಂಟುನೂರು ವರ್ಷಗಳಿಂದ ಉತ್ತರ ಹುಡುಕುವ ಪ್ರಯತ್ನ ನಡೆದಿದೆ. ದಾನಮ್ಮನ ದಾಸೋಹ, ಇಂಚಗೇರಿ ಸಂಪ್ರದಾಯದ ನೇಮ, ಗುರುದೇವ ರಾನಡೆಯವರ ತತ್ತ್ವಗ್ರಂಥಗಳು ಇಲ್ಲಿಯವೇ. ಇದು ಬರದ ನಾಡೂ ಹೌದು. ಬಿಡುವುದಕ್ಕೆ ಏನಾದರೂ ಇದ್ದವನ ತ್ಯಾಗಕ್ಕೂ ಏನೂ ಇಲ್ಲದವನ ಹಸಿವಿಗೂ ಇರುವ ಅಂತರ ಇಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಸೀಮೆ

ಜತ್ತ ಮೊದಲು ಡಫಳೆ ಮನೆತನದ ಸಂಸ್ಥಾನ. ಬ್ರಿಟಿಷರ ಕಾಲದಲ್ಲಿ ಬಿಜಾಪುರ ಏಜೆನ್ಸಿಗೆ ಸೇರಿತ್ತು. ಸ್ವಾತಂತ್ರ್ಯದ ನಂತರ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿ ಈಗ ಸಾಂಗಲಿ ಜಿಲ್ಲೆಯ ಪೂರ್ವದ ತಾಲ್ಲೂಕಾಗಿದೆ. ಉಮದಿ, ಸಂಖ, ಉಮರಾಣಿ, ಗುಡ್ಡಾಪುರ, ಬಾಲಗಾಂವ ಮೊದಲಾದ ಪೂರ್ವ ಮತ್ತು ದಕ್ಷಿಣದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಮಳೆ ಕಡಿಮೆ, ನೆಲ ಬಿರುಸು. ಜೋಳ, ಸಜ್ಜೆ, ಕುರಿ ಇಲ್ಲಿಯ ಬದುಕು. ಮಾಡಗ್ಯಾಳ ಎಂಬ ಹಳ್ಳಿಯ ಹೆಸರು ಹೊತ್ತ ಕುರಿತಳಿಯೇ ಒಂದಿದೆ. ಮಳೆ ಕೈಕೊಟ್ಟ ವರ್ಷ ಜನ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ.

1791-92ರ ಬರವನ್ನು ಈ ಭಾಗದ ಜನ ಡೋಗಿ ಬರ ಎಂದು ಕರೆದರು. ಸತ್ತವರನ್ನು ಹೂಳುವವರಿಲ್ಲದೆ ಹೊಲಗಳಲ್ಲಿ ತಲೆಬುರುಡೆಗಳು ಬಿದ್ದಿದ್ದವು ಎಂಬ ನೆನಪು ಅದರ ಹಿಂದಿದೆ. 1876-78ರ ದೊಡ್ಡ ಬರದಲ್ಲಿ ಮುಂಬಯಿ ಮತ್ತು ಮದ್ರಾಸು ಪ್ರಾಂತ್ಯಗಳ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿನ ಮಟ್ಟಕ್ಕೆ ಇಳಿಸುವಂತೆ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಸೂಚಿಸಿದ. ಮುಂಬಯಿ ಪ್ರಾಂತ್ಯದ ಕೂಲಿಗಳು ಕೆಲಸ ಬಿಟ್ಟು ಪ್ರತಿಭಟಿಸಿದರು. ಸರ್ಕಾರದ ಖಜಾನೆ ಉಳಿಸಲು ಬಡವನು ಹೊಟ್ಟೆ ಕಟ್ಟಬೇಕೆಂಬ ಈ ಲೆಕ್ಕವನ್ನು ಯಾವ ನೀತಿಶಾಸ್ತ್ರವೂ ಸಂಯಮವೆಂದು ಕರೆಯಲಾರದು.

ದರ್ಶನಗಳಲ್ಲಿ ಸುಖದುಃಖ

ಭಾರತೀಯ ದರ್ಶನಗಳಲ್ಲಿ ಸುಖದ ಪರವಾಗಿ ನೇರವಾಗಿ ವಾದಿಸಿದವರು ಚಾರ್ವಾಕರು. ಅವರ ಮೂಲಗ್ರಂಥಗಳು ಉಳಿದಿಲ್ಲ. ವಿಜಯನಗರದ ಕಾಲದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಂಥ ಕೃತಿಗಳಲ್ಲಿ, ಅಂದರೆ ಎದುರಾಳಿಗಳ ಬರಹದಲ್ಲಿ, ಅವರ ಮಾತು ಸಿಗುತ್ತದೆ. ಸುಖದ ಜೊತೆ ದುಃಖ ಬೆರೆತಿದೆಯೆಂದು ಸುಖವನ್ನು ಬಿಡುವುದು ಹೊಟ್ಟು ಇದೆಯೆಂದು ಭತ್ತವನ್ನೇ ಚೆಲ್ಲಿದಂತೆ ಎಂಬುದು ಅವರ ವಾದ. ಇದಕ್ಕೆ ನೇರ ವಿರುದ್ಧ ತುದಿಯಲ್ಲಿ ನ್ಯಾಯದರ್ಶನವಿದೆ: ನೈಯಾಯಿಕರು ಇಪ್ಪತ್ತೊಂದು ಬಗೆಯ ದುಃಖಗಳನ್ನು ಎಣಿಸುವಾಗ ಸುಖವನ್ನೂ ಆ ಪಟ್ಟಿಗೇ ಸೇರಿಸುತ್ತಾರೆ, ದುಃಖ ಅಂಟದ ಸುಖವಿಲ್ಲವೆಂಬ ಕಾರಣಕ್ಕೆ. ಸಾಂಖ್ಯರು ಶಾಸ್ತ್ರವನ್ನು ಆರಂಭಿಸುವುದೇ ಮೂರು ಬಗೆಯ ದುಃಖದಿಂದ. ಬುದ್ಧ ಭೋಗ ಮತ್ತು ದೇಹದಂಡನೆ ಎರಡನ್ನೂ ಅನುಭವಿಸಿ, ಎರಡನ್ನೂ ತೊರೆದು ಮಧ್ಯಮ ಮಾರ್ಗ ಹಿಡಿದ.

ಉಪನಿಷತ್ತುಗಳ ನಿಲುವು ಇಷ್ಟು ಸರಳವಲ್ಲ. ಕಠೋಪನಿಷತ್ತಿನಲ್ಲಿ ಯಮ ಒಡ್ಡಿದ ಆನೆ, ಕುದುರೆ, ಹೊನ್ನು, ಅಪ್ಸರೆಯರನ್ನೆಲ್ಲ ನಚಿಕೇತ ಬೇಡವೆನ್ನುತ್ತಾನೆ. ಒಳಿತಾದ ಶ್ರೇಯಸ್ಸು ಬೇರೆ, ಇಷ್ಟವಾದ ಪ್ರೇಯಸ್ಸು ಬೇರೆ ಎಂಬ ವಿಂಗಡಣೆ ಅಲ್ಲಿಂದ ಬಂದುದು. ತೈತ್ತಿರೀಯ ಮಾತ್ರ ಆನಂದವನ್ನು ಅಳೆಯಲು ಹೊರಡುತ್ತದೆ. ಯುವಕ, ಬಲಶಾಲಿ, ವಿದ್ಯಾವಂತ, ಭೂಮಿಯ ಸಂಪತ್ತೆಲ್ಲ ತನ್ನದಾದವನು, ಇಂಥವನ ಆನಂದ ಒಂದು ಅಳತೆ. ಅದರ ನೂರು ಪಟ್ಟು ಮುಂದಿನದು, ಅದರ ನೂರು ಪಟ್ಟು ಅದಕ್ಕೂ ಮುಂದಿನದು, ಹೀಗೆ ಬ್ರಹ್ಮಾನಂದದವರೆಗೆ. ಸ್ವಾರಸ್ಯವಿರುವುದು ಮೊದಲ ಅಳತೆಯ ಮೇಲಿನ ಪ್ರತಿ ಮೆಟ್ಟಿಲಲ್ಲೂ ಸೇರಿಸಿದ ಒಂದು ಷರತ್ತಿನಲ್ಲಿ: ಕಾಮದ ಪೆಟ್ಟು ತಿನ್ನದ, ವೇದ ಬಲ್ಲ ಶ್ರೋತ್ರಿಯನಿಗೆ ಆಯಾ ಮೆಟ್ಟಿಲಿನ ಆನಂದ ಇದ್ದಲ್ಲೇ ಸಿಗುತ್ತದೆ. ಇಂಗ್ಲೆಂಡಿನ ಬೆಂಥಮ್ 1789ರಲ್ಲಿ ಸುಖದುಃಖಗಳ ಲೆಕ್ಕಶಾಸ್ತ್ರವನ್ನು ಮಂಡಿಸಿದಾಗ ತೀವ್ರತೆ, ಅವಧಿ, ಖಚಿತತೆ ಮುಂತಾದುವನ್ನು ಎಣಿಸಿದ. ಬಯಕೆ ಕಡಿಮೆಯಾದರೆ ಮೊತ್ತ ಏರುವ ಸಾಧ್ಯತೆ ಅವನ ಲೆಕ್ಕದಲ್ಲಿಲ್ಲ. ಗ್ರೀಸಿನ ಎಪಿಕ್ಯೂರಸ್‌ಗೆ ಅದು ಗೊತ್ತಿತ್ತು. ಸುಖವಾದಿಯೆಂದು ಹೆಸರಾದ ಅವನ ತೋಟದ ಊಟ ರೊಟ್ಟಿ, ನೀರಿನ ಸಾದಾ ಊಟವಾಗಿತ್ತು.

ಜೈನರ ವ್ರತ, ಸಾವಿನವರೆಗೆ

ತ್ಯಾಗವನ್ನು ಕೊನೆಯ ತುದಿಯವರೆಗೆ ಒಯ್ದವರು ಜೈನರು. ಕೃಷ್ಣಾ ತೀರದ ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಭಾಗದಲ್ಲಿ ಒಕ್ಕಲುತನದ ಜೈನರು ಇಂದಿಗೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕನ್ನಡ ಗದ್ಯದ ಮೊದಲ ದೊಡ್ಡ ಕೃತಿಗಳಲ್ಲೊಂದಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ನೋವನ್ನು ಸಹಿಸಿ ಸಮಾಧಿ ಪಡೆದವರ ಕಥೆಗಳೇ. ಅದರಲ್ಲಿ ಸುಕುಮಾರಸ್ವಾಮಿಯ ಕಥೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ದೀಪದ ಬೆಳಕಿಗೂ ಕಣ್ಣಲ್ಲಿ ನೀರು ಬರುವಷ್ಟು, ಕುಳಿತಲ್ಲಿ ಸಾಸಿವೆ ಒತ್ತಿದರೂ ನೋಯುವಷ್ಟು ಸುಖದಲ್ಲಿ ಬೆಳೆದವನು ಅವನು. ಮುನಿಯನ್ನು ಕಂಡರೆ ಮಗ ತಪಸ್ಸಿಗೆ ಹೋದಾನೆಂದು ತಾಯಿ ಮುನಿಗಳನ್ನೇ ಮನೆಯ ಹತ್ತಿರ ಸುಳಿಯಗೊಡಲಿಲ್ಲ. ಆದರೂ ಅವನು ಹೋದ. ಅಂಗಾಲು ಬಿರಿದು ರಕ್ತ ಸುರಿಯುತ್ತಿರಲು ನಡೆದ. ನರಿಯೊಂದು ಮರಿಗಳೊಡನೆ ಅವನ ದೇಹವನ್ನು ತಿನ್ನುತ್ತಿರಲು ಅಲುಗಾಡದೆ ನಿಂತ. ಇಂದಿನ ಓದುಗನಿಗೆ ಇದು ಎದೆ ಝಲ್ಲೆನಿಸುವ ಕಥೆ. ನೋವು ತಾಳುವ ಶಕ್ತಿ ಅಭ್ಯಾಸದಿಂದ ಬರುತ್ತದೆಂಬ ನಮ್ಮ ಎಣಿಕೆಯನ್ನು ಕಥೆಗಾರ ಬುಡಮೇಲು ಮಾಡುತ್ತಾನೆ: ಯಾವ ಅಭ್ಯಾಸವೂ ಇಲ್ಲದವನೇ ಇಲ್ಲಿ ಎಲ್ಲರಿಗಿಂತ ಹೆಚ್ಚು ತಾಳಿಕೊಂಡವನು. ಪಂಪನ ಆದಿಪುರಾಣದಲ್ಲಿ ಇದರ ಇನ್ನೊಂದು ಮುಖವಿದೆ. ಮೊದಲ ತೀರ್ಥಂಕರನಾಗಲಿರುವ ಆದಿದೇವನ ಸಭೆಯಲ್ಲಿ ನರ್ತಕಿ ನೀಲಾಂಜನೆ ಕುಣಿಯುತ್ತಿರುವಾಗಲೇ ಸಾಯುತ್ತಾಳೆ, ಇಂದ್ರ ಆ ಜಾಗಕ್ಕೆ ಅಂಥದೇ ರೂಪವನ್ನು ತಂದು ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ. ಅಲ್ಲಿ ವೈರಾಗ್ಯ ಹುಟ್ಟುವುದು ನೋವಿನಿಂದಲ್ಲ, ಸುಖದ ನಟ್ಟನಡುವೆ.

ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಸಲ್ಲೇಖನ ವ್ರತದ ನಿಯಮಗಳನ್ನು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಹೇಳುತ್ತದೆ. ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ ಬಂದಾಗ ಮಾತ್ರ ಈ ವ್ರತಕ್ಕೆ ಅವಕಾಶ. ಬರಗಾಲ ಈ ಪಟ್ಟಿಯಲ್ಲಿರುವುದನ್ನು ಗಮನಿಸಬೇಕು. ಇನ್ನಷ್ಟು ಬದುಕಬೇಕೆಂಬ ಆಸೆ ಹೇಗೆ ದೋಷವೋ ಬೇಗ ಸಾಯಬೇಕೆಂಬ ಆಸೆಯೂ ಹಾಗೆಯೇ ದೋಷ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಹಲವು ಇಂಥ ಮರಣಗಳ ದಾಖಲೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಬೆಳಗಾವಿ ಗಡಿಯ ಭೋಜ ಗ್ರಾಮದ ಮನೆತನದವರು. 1955ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟರು. ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್‌ನಲ್ಲಿ ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ನಿಷೇಧಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಶರಣರು: ಬಿಡುವುದಲ್ಲ, ಹಂಚುವುದು

ಹನ್ನೆರಡನೆಯ ಶತಮಾನದ ಶರಣರು ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿದ್ದ ಮಂಗಳವೇಢೆ ಜತ್ತಕ್ಕೆ ನೆರೆಯ ಊರು. ಸಿದ್ಧರಾಮನ ಸೊನ್ನಲಿಗೆ ಇಂದಿನ ಸೊಲ್ಲಾಪುರ. ದೇಹವನ್ನು ದಂಡಿಸುವ ವ್ರತ, ಉಪವಾಸಗಳ ಬಗ್ಗೆ ವಚನಕಾರರಿಗೆ ಅನುಮಾನವೇ ಹೆಚ್ಚು. ಜೇಡರ ದಾಸಿಮಯ್ಯ ಹೊಟ್ಟೆಯ ಹಸಿವನ್ನು ಹೀನವೆಂದು ಬಗೆಯಲಿಲ್ಲ. ದೇಹ ಹೊತ್ತವರ ಕಷ್ಟ ಶಿವನಿಗೂ ತಿಳಿಯಲೆಂದು ಅವನೊಡನೆಯೇ ಜಗಳಕ್ಕೆ ನಿಂತ. ಉಣ್ಣುವುದು ತಪ್ಪಲ್ಲ, ಆದರೆ ಉಣ್ಣುವುದು ಪ್ರಸಾದವಾಗಬೇಕು. ದುಡಿಮೆ ಕಾಯಕವಾಗಬೇಕು, ಮಿಕ್ಕಿದ್ದು ದಾಸೋಹಕ್ಕೆ ಹೋಗಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳೆಂಬ ಕಥೆ ಎಲ್ಲರಿಗೂ ಗೊತ್ತಿರುವಂಥದು. ಅದರ ತಾತ್ತ್ವಿಕ ತೂಕವನ್ನು ಮಾತ್ರ ಸಾಕಷ್ಟು ಗುರುತಿಸಿಲ್ಲ. ಲಕ್ಕಮ್ಮ ಹಸಿದಿರು ಎನ್ನಲಿಲ್ಲ. ಬೇಕಾದಷ್ಟು ತರಲು ಅಡ್ಡಿಯಿಲ್ಲ, ಅದರಾಚೆಗಿನದು ನಮ್ಮದಲ್ಲ ಎಂದಳು. ಭೋಗ ಮತ್ತು ವಿರಕ್ತಿಗಳ ನಡುವೆ ಒಂದು ಗೆರೆ ಎಳೆಯುವುದಾದರೆ ಆ ಗೆರೆ ಎಲ್ಲಿ ಬೀಳಬೇಕೆಂಬುದಕ್ಕೆ ಇಷ್ಟು ಸ್ಪಷ್ಟವಾದ ಉತ್ತರ ದೊಡ್ಡ ದರ್ಶನಗ್ರಂಥಗಳಲ್ಲೂ ಅಪರೂಪ.

ಜತ್ತ ತಾಲ್ಲೂಕಿನ ಉಮರಾಣಿಯಲ್ಲಿ ಹುಟ್ಟಿದ ಶರಣೆ ಲಿಂಗಮ್ಮ ದಾನದಿಂದ ದಾನಮ್ಮನಾದಳೆಂಬುದು ಪರಂಪರೆಯ ನಂಬಿಕೆ. ಅವಳು ಐಕ್ಯಳಾದ ಸ್ಥಳವೆಂದು ನಂಬುವ ಗುಡ್ಡಾಪುರಕ್ಕೆ ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಊರವರು ನಡೆದು ಬಂದವರಿಗೆ ಊಟ, ನೀರು, ಚಹಾ ಕೊಡುವುದು ರೂಢಿ. ನಡೆಯುವವನು ಬೇಕೆಂದೇ ಕಾಲು ನೋಯಿಸಿಕೊಳ್ಳುತ್ತಾನೆ, ಬಡಿಸುವವನು ಬೇಕೆಂದೇ ತನ್ನ ಕಣಜ ಕರಗಿಸುತ್ತಾನೆ. ತತ್ತ್ವಜ್ಞಾನಿಗಳು ಸ್ವಯಂತ್ಯಾಗದ ಬಗ್ಗೆ ಬರೆಯುವಾಗ ನೆನೆಯುವುದು ಮೊದಲನೆಯವನನ್ನೇ. ನೀರು ಕಡಿಮೆಯಿರುವ ತಾಲ್ಲೂಕಿನಲ್ಲಿ ಎರಡನೆಯವನ ಕೆಲಸವೇ ಹೆಚ್ಚು ಕಷ್ಟದ್ದು.

ಉಮದಿಯಿಂದ ನಿಂಬಾಳದವರೆಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ನಿಂಬರಗಿ ಮಹಾರಾಜರಿಂದ (1790-1885) ಒಂದು ನಾಮಸ್ಮರಣೆಯ ಪರಂಪರೆ ಬೆಳೆಯಿತು. ಅವರ ಉಪದೇಶಗಳು ಬೋಧಸುಧೆ ಎಂಬ ಕನ್ನಡ ಪುಸ್ತಕದಲ್ಲಿ ಉಳಿದಿವೆ. ಅವರ ಶಿಷ್ಯ, ಜತ್ತ ತಾಲ್ಲೂಕಿನ ಉಮದಿಯ ದೇಶಪಾಂಡೆ ಮನೆತನದ ಭಾವೂಸಾಹೇಬ ಮಹಾರಾಜರು (1843-1914), ಹತ್ತಿರದ ಇಂಚಗೇರಿಯಲ್ಲಿ ಮಠ ಕಟ್ಟಿದರು. ಪರಂಪರೆಗೆ ಇಂಚಗೇರಿ ಸಂಪ್ರದಾಯವೆಂಬ ಹೆಸರು ಬಂತು. ಲಿಂಗಾಯತ ಗುರುವಿನಿಂದ ಬ್ರಾಹ್ಮಣ ಶಿಷ್ಯನಿಗೆ, ಅವರಿಂದ ಮತ್ತೆ ಎಲ್ಲ ಜಾತಿಯವರಿಗೆ, ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಅದು ಹರಿದಾಡಿತು. ಮನೆಮಠ ಬಿಡಬೇಕಿಲ್ಲ, ಕಾವಿ ಉಡಬೇಕಿಲ್ಲ. ಆದರೆ ದಿನವೂ ನೇಮ ತಪ್ಪಬಾರದು. ಗಂಟೆಗಟ್ಟಲೆ ನಾಮಸ್ಮರಣೆಯಲ್ಲಿ ಕೂರುವ ಈ ನೇಮದಲ್ಲಿ ಬಿಡಬೇಕಾದದ್ದು ಆಹಾರವನ್ನಲ್ಲ, ನಿದ್ದೆ, ಹರಟೆ, ಆಲಸ್ಯಗಳನ್ನು. ಬೆಳಕಿಗೆ ಮುಂಚೆ ಎದ್ದು ಹೊಲಕ್ಕೆ ಹೋಗುವ ರೈತನಿಗೆ ಇದು ಸಣ್ಣ ತ್ಯಾಗವಲ್ಲ.

ಇದೇ ಪರಂಪರೆಯೊಳಗೆ ಕಷ್ಟದ ಅಗತ್ಯವನ್ನು ಕುರಿತು ಭಿನ್ನಮತ ಹುಟ್ಟಿತು. ಭಾವೂಸಾಹೇಬರ ಶಿಷ್ಯರಲ್ಲಿ ಒಬ್ಬರಾದ, ಸೊಲ್ಲಾಪುರ ಜಿಲ್ಲೆಯ ಪಾಥರಿಯ ಸಿದ್ಧರಾಮೇಶ್ವರ ಮಹಾರಾಜರು (1888-1936) ದೀರ್ಘಧ್ಯಾನವನ್ನು ಇರುವೆಯ ದಾರಿ ಎಂದೂ ವಿವೇಕದಿಂದ ನೇರವಾಗಿ ತಿಳಿಯುವುದನ್ನು ಹಕ್ಕಿಯ ದಾರಿ ಎಂದೂ ಹೇಳಿದರು. ಪಿಪೀಲಿಕಾ ಮಾರ್ಗ, ವಿಹಂಗಮ ಮಾರ್ಗ ಎಂಬ ಹಳೆಯ ವಿಂಗಡಣೆಯನ್ನು ಅವರು ಬಳಸಿದ್ದು ಹೀಗೆ. ಅವರ ಶಿಷ್ಯ, ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರ (1897-1981) ಮಾತುಕತೆಗಳನ್ನು ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್ಮನ್ 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಉಮದಿಯ ಈ ಟೊಂಗೆ ಜಗತ್ತಿಗೆಲ್ಲ ಪರಿಚಯವಾಯಿತು. ನೋವು ಮೈಗೆ ಸೇರಿದ್ದು, ಸಂಕಟ ಮನಸ್ಸಿನ ಒಪ್ಪದಿರುವಿಕೆಯಿಂದ ಹುಟ್ಟುವುದು ಎಂಬುದು ನಿಸರ್ಗದತ್ತರ ವಿಚಾರದ ಮುಖ್ಯ ಎಳೆ. ಗಂಟಲಿನ ಕ್ಯಾನ್ಸರ್‌ನಿಂದ ನರಳುತ್ತಿದ್ದ ಕೊನೆಯ ದಿನಗಳಲ್ಲೂ ಅವರು ಬಂದವರೊಡನೆ ಮಾತಾಡುವುದನ್ನು ನಿಲ್ಲಿಸಲಿಲ್ಲ.

ಇನ್ನೊಂದು ಟೊಂಗೆ ಸಮಾಜದ ಕಡೆಗೆ ಬಾಗಿತು. ಇಂಚಗೇರಿ ಮಠದ ಮಾಧವಾನಂದ ಪ್ರಭುಗಳು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ನಂತರ ಅಂತರ್ಜಾತಿ ಮದುವೆಗಳನ್ನು ಮಾಡಿಸಿದರು. ಜಾತಿಯ ಹೆಮ್ಮೆಯನ್ನು ಬಿಡುವುದು ಊಟ ಬಿಡುವುದಕ್ಕಿಂತ ಕಷ್ಟವೆಂದು ಆ ಹಳ್ಳಿಗಳನ್ನು ಬಲ್ಲವರಿಗೆ ಗೊತ್ತು.

ಇಡೀ ಪರಂಪರೆಯನ್ನು ತತ್ತ್ವಶಾಸ್ತ್ರದ ಭಾಷೆಗೆ ತಂದವರು ರಾಮಚಂದ್ರ ದತ್ತಾತ್ರೇಯ ರಾನಡೆ. 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದ ಅವರಿಗೆ ವಿದ್ಯಾರ್ಥಿಯಾಗಿದ್ದಾಗಲೇ, 1901ರಲ್ಲಿ, ಭಾವೂಸಾಹೇಬರಿಂದ ನಾಮೋಪದೇಶವಾಯಿತು. ಪುಣೆಯ ಫರ್ಗ್ಯೂಸನ್ ಕಾಲೇಜು, ಸಾಂಗಲಿಯ ವಿಲಿಂಗ್ಡನ್ ಕಾಲೇಜುಗಳಲ್ಲಿ ಕಲಿಸಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕುಲಪತಿಯೂ ಆದರು. 1957ರ ಜೂನ್ 6ರಂದು ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ, ತಮ್ಮ ಆಶ್ರಮದಲ್ಲಿ ತೀರಿಕೊಂಡರು. ಯೌವನದಲ್ಲೇ ಬಂದ ಗಂಭೀರ ಕಾಯಿಲೆ ಅವರನ್ನು ನೇಮದ ಕಡೆಗೆ ಗಟ್ಟಿಯಾಗಿ ತಿರುಗಿಸಿತು. ದುಃಖ ಹುಡುಕಾಟಕ್ಕೆ ಹಚ್ಚುತ್ತದೆಂಬ ಅವರ ಮಾತಿಗೆ ಅನುಭವದ ಬೆಂಬಲವಿತ್ತು.

1926ರಲ್ಲಿ ಪ್ರಕಟವಾದ ಅವರ ಉಪನಿಷತ್ ದರ್ಶನದ ಸಮೀಕ್ಷೆಯಲ್ಲಿ ನೀತಿಯನ್ನು ಕುರಿತ ಒಂದು ಅಧ್ಯಾಯವಿದೆ. ಸುಖವಾದದ ನಿರಾಕರಣೆ, ನಿರಾಶಾವಾದ, ಸಂನ್ಯಾಸವಾದ, ಕರ್ಮವಾದ, ಶ್ರೇಯೋವಾದ, ಆನಂದವಾದ, ಆತ್ಮಸಾಕ್ಷಾತ್ಕಾರ ಎಂದು ಉಪನಿಷತ್ತುಗಳೊಳಗೇ ಇರುವ ಬೇರೆಬೇರೆ ನಿಲುವುಗಳನ್ನು ಅವರು ಅಲ್ಲಿ ಬಿಡಿಸಿಟ್ಟರು. ಭಾರತೀಯ ಚಿಂತನೆಯೆಂದರೆ ಬರಿಯ ವೈರಾಗ್ಯ ಎಂಬ ಪಾಶ್ಚಾತ್ಯ ಆರೋಪಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಆ ಕಾಲದಲ್ಲಿ ಬರಲಿಲ್ಲ. ಜರ್ಮನಿಯ ಶೋಪೆನ್‌ಹಾವರ್ ಉಪನಿಷತ್ತುಗಳನ್ನು ಮೆಚ್ಚಿ ಓದಿ ಅವುಗಳಲ್ಲಿ ತನ್ನ ನಿರಾಶೆಯನ್ನು ಕಂಡುಕೊಂಡಿದ್ದ. ನಿರಾಶೆ ಅಲ್ಲಿರುವ ಹಲವು ದನಿಗಳಲ್ಲಿ ಒಂದು ಮಾತ್ರ ಎಂದು ರಾನಡೆ ತೋರಿಸಿದರು. ಅವರ ಕೊನೆಯ ನಿಲುವು ಆನಂದದ್ದೇ. ಆ ಆನಂದ ಇಂದ್ರಿಯಸುಖದ ದೊಡ್ಡ ರೂಪವಲ್ಲ, ದೇವರ ಸಾಕ್ಷಾತ್ಕಾರದ ಜೊತೆಗೇ ಬರುವಂಥದು. ಕನ್ನಡ ಶರಣರು ಮತ್ತು ದಾಸರ ಅನುಭಾವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಮರಣಾನಂತರ ಪ್ರಕಟವಾಯಿತು. ಭಕ್ತನ ತಳಮಳ, ಪಶ್ಚಾತ್ತಾಪ, ದೇವರು ಕೈಬಿಟ್ಟನೆಂಬ ಕತ್ತಲೆಗಳನ್ನು ಅವರು ಸಾಧನೆಯ ಹಂತಗಳಾಗಿ ಓದುತ್ತಾರೆ. ಇಲ್ಲೊಂದು ತಕರಾರು ಎತ್ತಬೇಕು. ಭಕ್ತನ ವಿರಹ ಸಾಧನೆಯ ಹಂತವಾಗಬಹುದು, ಬರದಲ್ಲಿ ಸತ್ತ ಮಗುವಿನ ಹಸಿವು ಯಾವ ಹಂತ? ಈ ಪ್ರಶ್ನೆಗೆ ರಾನಡೆಯವರ ವ್ಯವಸ್ಥೆಯಲ್ಲಿ ತೃಪ್ತಿಕರವಾದ ಜಾಗವಿಲ್ಲ.

ಇತ್ತೀಚಿನ ಕಾಲ

ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನು ಕನ್ನಡ ಮತ್ತು ಮರಾಠಿ ಎರಡೂ ಬಲ್ಲ ಗಡಿಯ ಜನ ಬೆಳಗಿನ ಹೊತ್ತು ಸಾವಿರಗಟ್ಟಲೆ ಕೂತು ಕೇಳುತ್ತಿದ್ದರು. ಜತ್ತ ತಾಲ್ಲೂಕಿನ ಬಾಲಗಾಂವದ ಆಶ್ರಮವೂ ಈ ಬಳಗದ್ದೇ. ಕಿಸೆಯಿಲ್ಲದ ಬಿಳಿ ಅಂಗಿ ತೊಡುತ್ತಿದ್ದ ಅವರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಮರಳಿಸಿದರು. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟ ಪತ್ರದಲ್ಲಿ ತಮ್ಮ ದೇಹವನ್ನು ಹೂಳದೆ ಸುಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಶ್ರಾದ್ಧವಾಗಲಿ ಸ್ಮಾರಕವಾಗಲಿ ಬೇಡ ಎಂದಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಹಾಗೆಯೇ ನಡೆಯಿತು. ಗದ್ದುಗೆಯೇ ಮಠದ ಕೇಂದ್ರವಾಗಿರುವ ನಾಡಿನಲ್ಲಿ ಗದ್ದುಗೆಯನ್ನೇ ಬಿಟ್ಟದ್ದು ಅಸಾಮಾನ್ಯ ತ್ಯಾಗ. ಅವರ ಮಾತುಗಳಲ್ಲಿ ದೇಹದಂಡನೆಯ ಹೊಗಳಿಕೆ ಇರಲಿಲ್ಲ. ಗಿಡ, ಬೆಳಕು, ನೀರು, ಒಳ್ಳೆಯ ಊಟ ಇವನ್ನು ಆಸ್ವಾದಿಸಿ ಸ್ವಂತಕ್ಕೆ ಕೂಡಿಡದೆ ಬದುಕುವ ಬಗೆ ಅವರ ವಿಷಯವಾಗಿತ್ತು.

ಆಧುನಿಕ ಚಿಂತಕರಲ್ಲಿ ಈ ಸೀಮೆಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವವರು ಅಮರ್ತ್ಯ ಸೇನ್. ಉಪವಾಸವಿರುವವನೂ ಹಸಿವಿನಿಂದ ಸೊರಗಿದವನೂ ತಿಂದ ಪ್ರಮಾಣ ಒಂದೇ ಇರಬಹುದು. ಮೊದಲನೆಯವನಿಗೆ ಉಣ್ಣುವ ಸಾಧ್ಯತೆ ಇತ್ತು, ಎರಡನೆಯವನಿಗೆ ಇರಲಿಲ್ಲ ಎಂಬುದು ಅವರು ಮತ್ತೆ ಮತ್ತೆ ಎತ್ತಿ ತೋರುವ ವ್ಯತ್ಯಾಸ. ಇನ್ನೂ ಮುಖ್ಯವಾದ ಮಾತೊಂದಿದೆ. ಬಹುಕಾಲ ಕಷ್ಟದಲ್ಲಿದ್ದವರು ತಮ್ಮ ಬಯಕೆಗಳನ್ನೇ ಕಿರಿದು ಮಾಡಿಕೊಂಡು ತೃಪ್ತರಂತೆ ಕಾಣುತ್ತಾರೆ. ಆ ತೃಪ್ತಿಯನ್ನು ನೋಡಿ ಅವರಿಗೇನೂ ಕೊರತೆಯಿಲ್ಲವೆಂದು ತೀರ್ಮಾನಿಸಬಾರದು. ತೈತ್ತಿರೀಯ ಹೇಳುವ ಕಾಮವಿಲ್ಲದವನ ಆನಂದಕ್ಕೂ ಬಯಸುವುದನ್ನೇ ಮರೆತ ಬಡವನ ಮೌನಕ್ಕೂ ಹೊರಗಿನಿಂದ ಹೋಲಿಕೆ ಕಾಣುತ್ತದೆ. ಸುಖದುಃಖಗಳ ವಿಚಾರದಲ್ಲಿ ಇವೆರಡನ್ನು ಬೆರಸುವುದು ದೊಡ್ಡ ತಪ್ಪು.

1972ರ ಬರದಲ್ಲಿ ಮಹಾರಾಷ್ಟ್ರ ಸರ್ಕಾರ ಆರಂಭಿಸಿದ ಉದ್ಯೋಗ ಖಾತರಿ ಯೋಜನೆ 1977ರಲ್ಲಿ ಕಾಯ್ದೆಯಾಯಿತು. ಕೂಲಿಯನ್ನು ಕಡಿತಗೊಳಿಸಿದ ಟೆಂಪಲ್‌ನ ಕಾಲಕ್ಕೆ ಸುಮಾರು ನೂರು ವರ್ಷ ತುಂಬಿದಾಗ ಕೆಲಸ ಕೇಳುವುದು ಹಕ್ಕಾಯಿತು. ಜತ್ತದ ಗಡಿ ಹಳ್ಳಿಗಳಿಗೆ ನೀರಿನ ಕೊರತೆ ಅಲ್ಲಿಗೆ ಮುಗಿಯಲಿಲ್ಲ. ನೀರು ಸಿಗದ ಸಿಟ್ಟಿನಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಕೆಲವು ಹಳ್ಳಿಗಳು ಹಿಂದೆ ನಿರ್ಣಯ ಮಾಡಿದ್ದವು. 2022ರ ನವೆಂಬರ್‌ನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನೆನಪಿಸಿದಾಗ ಎರಡೂ ರಾಜ್ಯಗಳಲ್ಲಿ ದೊಡ್ಡ ಗದ್ದಲವೆದ್ದಿತು. ಕೃಷ್ಣೆಯ ನೀರನ್ನು ಮ್ಹೈಸಾಳ ಏತ ನೀರಾವರಿಯಿಂದ ಈ ಹಳ್ಳಿಗಳಿಗೆ ತರುವ ಬೇಡಿಕೆ ಆಗ ಮತ್ತೆ ಮುಂಚೂಣಿಗೆ ಬಂತು. ಸಹನೆ, ಸಂತೃಪ್ತಿಗಳ ಉಪದೇಶ ಈ ಬೇಡಿಕೆಗೆ ಉತ್ತರವಲ್ಲ. ಆಯ್ದಕ್ಕಿ ಲಕ್ಕಮ್ಮನ ಅಳತೆಯಿಂದ ನೋಡಿದರೂ ಅದು ಬೇಕಾದಷ್ಟನ್ನು ಮಾತ್ರ ಕೇಳುವ ನ್ಯಾಯವಾದ ಬೇಡಿಕೆ.